ಕೆಂಚಿಯನ್ನು ಕಳಿಸಿಕೊಟ್ಟ ಗುಣವತಿ

ಕುಷ್ಟಗಿ ಕಡೆಯ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಪಕ್ಕದ ಮನೆಯಲ್ಲಿ ತತ್ತಿ ಬೇಯಿಸಿದರೂ ಮೂಗಿಗೆ ಸೆರಗು ಹಿಡಿಯುತ್ತಿದ್ದ ಗುಣವತಿ, ಅರವತ್ತು ತುಂಬುವ ಹೊತ್ತಿಗೆ ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ತನ್ನ ಗಲ್ಲಿಯಲ್ಲಿ ‘ಕೋಳಿ ಗುಣವ್ವ’ ಎಂದು ಹೆಸರಾದಳು ಎಂದರೆ ಅವಳ ತವರಿನವರು ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ! ಅವರು ನಂಬಲಿ ಎಂದು ಅವಳೇನೂ ಕೋಳಿ ಸಾಕಲಿಲ್ಲ. ಕೋಳಿಗಳೇ ಅವಳ ಹಿತ್ತಲಿಗೆ ಬಂದವು, ಬಂದವು ಹೋಗಲಿಲ್ಲ, ಅಷ್ಟೇ.

ಬಂದದ್ದು ಲಾಕ್‌ಡೌನಿನ ವರ್ಷ. ಎದುರು ಮನೆಯ ಹುಸೇನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಕಡೆಯವಳು. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು, ತೀರಿಹೋಗಿ ಬಹಳ ವರ್ಷವಾಗಿತ್ತು. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗಳೆಂದು ಅಪ್ಪ ಅಮ್ಮ ಅವಳಿಗೆ ಹುಸೇನಮ್ಮ ಎಂದು ಹೆಸರಿಟ್ಟಿದ್ದರು. ಅವಳು ಮಗಳ ಹೆರಿಗೆಗೆಂದು ಊರಿಗೆ ಹೊರಟಾಗ ಮೂರು ಹೇಟೆಕೋಳಿಗಳನ್ನು ಬುಟ್ಟಿಯಲ್ಲಿ ತಂದು ಗುಣವತಿಯ ಹಿತ್ತಲಲ್ಲಿ ಇಳಿಸಿ, “ನಾಕ ದಿನ ನೋಡ್ಕೋ ಗುಣವ್ವಾ, ಬಂದಬಿಡ್ತೀನಿ” ಎಂದಳು. ಮಾರನೆಯ ವಾರ ರೈಲುಗಳೆಲ್ಲ ನಿಂತವು. ನಾಲ್ಕು ದಿನ ಐದು ತಿಂಗಳಾಯಿತು.

ಗುಣವತಿಯ ಗಂಡ ಚನ್ನಬಸಪ್ಪ ಟಿಕೆಟ್ ಕಲೆಕ್ಟರ್ ಆಗಿ ರಿಟೈರ್ ಆದವನು. ಟಿಕೆಟ್ ಇಲ್ಲದ ಪ್ರಯಾಣಿಕರನ್ನು ನೋಡುತ್ತಿದ್ದ ಅದೇ ಕಣ್ಣಿನಿಂದ ಆ ಮೂರನ್ನೂ ನೋಡಿದ. “ಇವು ಯಾವಾಗ ಇಳೀತಾವಂತ?” ಎಂದು ದಿನಾ ಕೇಳುತ್ತಿದ್ದ. ಅವು ಇಳಿಯಲಿಲ್ಲ. ಹುಸೇನಮ್ಮ ತಿರುಗಿ ಬಂದಾಗ ನೋಡುತ್ತಾಳೆ, ಗುಣವತಿ ಮುಂದೆ ಮುಂದೆ, ಕೋಳಿಗಳು ಹಿಂದೆ ಹಿಂದೆ! ಅವಳ ಸೀರೆಯ ನಿರಿಗೆಯೊಳಗೇ ಹೊಕ್ಕು ಓಡಾಡುತ್ತಿವೆ. ಹುಸೇನಮ್ಮನಿಗೆ ನಗು ತಡೆಯಲಿಲ್ಲ. “ಇನ್ನ ಇವು ನನ್ನ ಹಿಂದ ಬರಾಂಗಿಲ್ಲ ಬಿಡು. ಪಾಲಿಗೆ ನೀನ ಸಾಕು” ಎಂದಳು.

ಪಾಲಿಗೆ ಸಾಕುವುದೆಂದರೆ ನಮ್ಮ ಕಡೆ ಗೊತ್ತಿರುವ ಕಟ್ಟು. ಕೋಳಿ ಒಬ್ಬರದು, ಮೇವು ನೀರು ಇನ್ನೊಬ್ಬರದು, ಮರಿ ಆದರೆ ಸಮಪಾಲು. ಸಾಕಿದವರು ಒಡೆಯರ ಮಾತಿಲ್ಲದೆ ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಗುಣವತಿಗೆ ತತ್ತಿ ಬೇಡ, ಬಾಡು ಬೇಡ. ತತ್ತಿಯೆಲ್ಲ ಹುಸೇನಮ್ಮನ ಮನೆಗೆ ಹೋಗುತ್ತಿತ್ತು. ಇವಳ ಪಾಲಿಗೆ ಬಂದ ಮರಿಗಳೂ ಹಿತ್ತಲಲ್ಲೇ ಉಳಿದು ದೊಡ್ಡವಾಗುತ್ತಿದ್ದವು. “ಹಿಂಗ ಪಾಲು ಮಾಡಿದಾಕಿನ ನಾ ಎಲ್ಲೂ ನೋಡಿಲ್ಲ, ಹಿಕ್ಕಿ ಅಷ್ಟ ನಮ್ಮ ಪಾಲು” ಎಂದು ಚನ್ನಬಸಪ್ಪ ಗೊಣಗುತ್ತಿದ್ದ. ಗೊಣಗುತ್ತಲೇ ಸಂಜೆ ಜೋಳದ ನುಚ್ಚು ಚೆಲ್ಲುತ್ತಿದ್ದವನೂ ಅವನೇ.

ಒಂದು ತೊಡಕು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಕೋಳಿ ತಿನ್ನುವವರ ಮನೆಯಲ್ಲಿ ಕೋಳಿಗೆ ಮುಪ್ಪು ಬರುವುದಿಲ್ಲ. ಗುಣವತಿಯ ಹಿತ್ತಲಲ್ಲಿ ಬಂತು. ಮುಪ್ಪಿನ ಹಿಂದೆ ರೋಗ ಬಂತು. ರೋಗದ ಕೋಳಿಯನ್ನು ಏನು ಮಾಡಬೇಕೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಬಿದ್ದದ್ದು ಬಿಳಿಚಿ, ಆ ಮೂರರಲ್ಲಿ ಹಿರಿಯಳು. ಹುಸೇನಮ್ಮ ಆಗ ಮಸ್ಕಿಗೆ ಮದುವೆಗೆ ಹೋಗಿದ್ದಳು. ಗುಣವತಿ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿದಳು. ಬೆಲ್ಲದ ನೀರು ಹನಿ ಹನಿಯಾಗಿ ಕೊಕ್ಕಿಗೆ ಬಿಟ್ಟಳು. ಹಣೆಗೆ ವಿಭೂತಿ ಹಚ್ಚಿದಳು. ಕೊಕ್ಕು ತೆರೆದಾಗಲೆಲ್ಲ “ಇನ್ನೂ ಜೀವ ಐತಿ” ಎಂದು ಹಿಗ್ಗಿದಳು. ಒಂಬತ್ತು ದಿನ! ಏಳನೆಯ ದಿನ ಮುಂಜಾನೆ ನೋಡಿದರೆ ಬಿಳಿಚಿಯ ಕಣ್ಣಿಗೆ ಇರುವೆ ಮುತ್ತಿದ್ದವು. ಒರೆಸಿ ತೆಗೆದಳು. ಕೋಳಿ ಇನ್ನೂ ಉಸಿರಾಡುತ್ತಿತ್ತು. ಆಮೇಲೂ ಎರಡು ದಿನ ಬೆಲ್ಲದ ನೀರು ಬಿಟ್ಟಳು. ಜೀವ ತೆಗೆಯುವ ಪಾಪ ನಮ್ಮ ಕೈಗೆ ಬೇಡ ಎಂದು ಹಾಗೆ ಮಾಡಿದಳು, ಅದನ್ನೇ ದಯೆ ಎಂದುಕೊಂಡಳು. ಆದರೆ ಅದಾದ ಮೇಲೆ ಅಡಿಗೆಮನೆಯಲ್ಲಿ ಇರುವೆ ಸಾಲು ಕಂಡರೂ ಅವಳು ಒಲೆ ಆರಿಸಿ ಹೊರಗೆ ಬಂದುಬಿಡುತ್ತಿದ್ದಳು.

ಇದಾಗಿ ಒಂದು ವರ್ಷಕ್ಕೆ ಕೆಂಚಿಗೆ ಹೊಟ್ಟೆ ಬಂತು.

ಕೆಂಚಿ ಗುಣವತಿಯ ಮಡಿಲಲ್ಲೇ ಒಡೆದ ತತ್ತಿಯಿಂದ ಬಂದವಳು. ಪಾಲಿನಲ್ಲಿ ಹುಸೇನಮ್ಮನಿಗೆ ಬಂದಿದ್ದಳು, ಬೆಳೆದದ್ದು ಮಾತ್ರ ಇಲ್ಲೇ. ಇಟ್ಟಂಗಿ ಬಣ್ಣದ ಮೈ, ಕರಿ ಬಾಲ, ಮಹಾ ಬಜಾರಿ. ಗಲ್ಲಿಯ ಬೆಕ್ಕುಗಳು ಇವಳನ್ನು ಕಂಡರೆ ಕಾಂಪೌಂಡಿನ ಮೇಲೇ ನಿಲ್ಲುತ್ತಿದ್ದವು. ಅಂಥವಳು ಬೇಸಿಗೆಯ ಕೊನೆಗೆ ಕಾಲಗಲಿಸಿ ನೆಟ್ಟಗೆ ನಿಲ್ಲತೊಡಗಿದಳು, ತುಂಬು ಬಸುರಿ ನಡ ಹಿಡಿದು ನಿಂತಂತೆ. ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚೀಲ. ಜುಟ್ಟು ನೀಲಿಗಟ್ಟುತ್ತಿತ್ತು. ಎರಡು ಹೆಜ್ಜೆ ಇಟ್ಟರೆ ಕೊಕ್ಕು ತೆರೆದು ಏದುಸಿರು.

ಗುಣವತಿ ಈ ಸಲ ಬೆಲ್ಲದ ನೀರಿಗೆ ಹೋಗಲಿಲ್ಲ. ಬುಟ್ಟಿ ಹಿಡಿದು ಆಟೋ ಹತ್ತಿ ದನದ ದವಾಖಾನೆಗೆ ಹೋದಳು. ಅಲ್ಲಿಯ ಡಾಕ್ಟರು ರವಿಶಂಕರ್, ಕರೀಂನಗರದ ಕಡೆಯ ತೆಲುಗರು, ಇನ್ನೂ ಮೂವತ್ತೈದು ದಾಟಿರಲಿಲ್ಲ. ಗುಣವತಿಯ ತೆಲುಗು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವಂಥದ್ದು, ಆದರೂ ಮದುವೆಯಾಗಿ ಬಂದಾಗಿನಿಂದ ಇಡೀ ಮಲ್ಕಾಜ್‌ಗಿರಿಯನ್ನು ಅದರಲ್ಲೇ ಗದರಿಸಿಕೊಂಡು ಬಂದಿದ್ದಳು. ಡಾಕ್ಟರಿಗೂ ಎಲ್ಲ ತಿಳಿಯಿತು. ಸೂಜಿ ಹಾಕಿ ಹೊಟ್ಟೆಯಿಂದ ದೊಡ್ಡ ಲೋಟದಷ್ಟು ಹಳದಿ ನೀರು ತೆಗೆದರು. ಕೆಂಚಿ ಮೈ ಕೊಡವಿ ಮೇಜಿನ ಮೇಲೆ ನಡೆದಾಡಿದಳು. ಗುಣವತಿಯ ಮುಖ ಊರಗಲವಾಯಿತು.

“ಖುಷಿಪಡಬೇಡಿ ಅಮ್ಮಾ,” ಡಾಕ್ಟರು ತಮ್ಮ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು, “ತತ್ತಿ ಒಳಗೇ ಒಡೆದು ಕೊಳೆತಿದೆ. ನೀರು ಮತ್ತೆ ತುಂಬುತ್ತದೆ. ಇದು ವಾಸಿಯಾಗುವುದಲ್ಲ. ದಿನಾ ಮೂರು ಸಂಗತಿ ನೋಡಿ. ತಾನಾಗಿ ತಿನ್ನುತ್ತದಾ, ಜೊತೆಯವುಗಳ ಹತ್ತಿರ ಹೋಗುತ್ತದಾ, ಕೂತು ನಿದ್ದೆ ಮಾಡುತ್ತದಾ. ಒಳ್ಳೆಯ ದಿನಕ್ಕಿಂತ ಕೆಟ್ಟ ದಿನ ಹೆಚ್ಚಾದರೆ ಕರೆತನ್ನಿ. ನಿದ್ದೆ ಬರಿಸಿ, ನೋವಾಗದಂತೆ ಕಳಿಸೋಣ.”

ಗುಣವತಿಗೆ ರೇಗಿತು. “ಅಲ್ರೀ ಡಾಕ್ಟರ್, ಬದುಕಿಸೋ ಕೈಯಿಂದ ಕೊಲ್ತೀನಿ ಅಂತೀರಲ್ಲ! ಅದರ ಪಾಡಿಗೆ ಅದು ಹೋಗಲಿ, ಬಿಡ್ರಿ.”

“ಅದರ ಪಾಡಿಗೆ ಹೋದ ಕೋಳಿಯನ್ನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ ಅಮ್ಮಾ?”

ಗುಣವತಿಯಷ್ಟು ಹತ್ತಿರದಿಂದ ನೋಡಿದವರು ಯಾರಿದ್ದರು? ಬುಟ್ಟಿ ಎತ್ತಿಕೊಂಡು ಮನೆಗೆ ಬಂದಳು.

ಅಡಿಗೆಮನೆಯ ಬಾಗಿಲ ಹಿಂದೆ ಕ್ಯಾಲೆಂಡರ್ ತೂಗುತ್ತಿತ್ತು. ಅವತ್ತಿನಿಂದ ಮೂರೂ ಸರಿಯಿದ್ದ ದಿನಕ್ಕೆ ಕುಂಕುಮದ ಬೊಟ್ಟು, ಇಲ್ಲದ ದಿನಕ್ಕೆ ಕಾಡಿಗೆಯ ಬೊಟ್ಟು. ಚನ್ನಬಸಪ್ಪ ಕನ್ನಡಕ ಏರಿಸಿ ನೋಡಿ, “ಇದ್ಯಾವ ಪಂಚಾಂಗ?” ಎಂದ. “ಕೆಂಚಿದು” ಎಂದಳು. ಮೊದಲ ವಾರವೆಲ್ಲ ಕುಂಕುಮ. ಎಂಟನೆಯ ದಿನ ಮೊದಲ ಕಾಡಿಗೆ ಬಿತ್ತು. ಆಮೇಲೆ ಒಂದು ಕೆಂಪು, ಎರಡು ಕಪ್ಪು. ಹದಿಮೂರನೆಯ ದಿನದಿಂದ ಕುಂಕುಮದ ಭರಣಿಯ ಮುಚ್ಚಳ ತೆಗೆಯುವ ಕೆಲಸವೇ ಬೀಳಲಿಲ್ಲ. ಎರಡನೆಯ ಸಲ ನೀರು ತೆಗೆಸಿಕೊಂಡು ಬಂದಳು. ಮೂರೇ ದಿನಕ್ಕೆ ಚೀಲ ತುಂಬಿತು. ಕೆಂಚಿ ಕೂರಲಾರದೆ ನಿಂತೇ ತೂಕಡಿಸುತ್ತಿದ್ದಳು. ತೂಕಡಿಸಿ ಮುಗ್ಗರಿಸುತ್ತಿದ್ದಳು, ಮತ್ತೆ ಎದ್ದು ನಿಲ್ಲುತ್ತಿದ್ದಳು. ಮಿಕ್ಕ ಕೋಳಿಗಳು ಮಣ್ಣು ಕೆದರುತ್ತ ಒಂದು ಕಡೆ, ಇವಳು ಗೋಡೆಗೆ ಮುಖ ಮಾಡಿ ಒಂದು ಕಡೆ.

ಸತತ ಐದನೆಯ ಕಾಡಿಗೆ ಹಚ್ಚಿದ ದಿನ ಗುಣವತಿ ಬೆರಳು ಒರೆಸಿಕೊಳ್ಳದೆ ಗಂಡನ ಮುಂದೆ ಬಂದು ನಿಂತಳು. “ಏನ್ರಿ, ಕೆಂಚೀನ ನಾಳೆ ಕಳಿಸಿಬಿಡೂಣು.”

ಚನ್ನಬಸಪ್ಪ ಪೇಪರ್ ಇಳಿಸಿದ. “ಎಲ್ಲಿಗಿ?”

“ಡಾಕ್ಟರ್ ಕಡೆ. ಸೂಜಿ ಮಾಡ್ತಾರ.”

“ಹುಚ್ಚ ಹಿಡದೈತೇನ ನಿನಗ? ಲಿಂಗ ಕಟಗೊಂಡ ಮನಿ ಇದು. ಒಂದ ಇರುವಿ ಸತ್ರ ಮರಮರ ಮರಗಾಕಿ, ಈಗ ಕೋಳಿ ಕೊಲ್ಲಾಕ ಆಟೋ ಮಾಡ್ಕೊಂಡ ಹೋಗ್ತಿ? ಮಂದಿ ಕೇಳಿದ್ರ ಏನಂದಾರು? ಅದರ ಹಣೆಬಾರ ಇದ್ದಷ್ಟ ದಿನ ಇರಲಿ.”

“ಮಂದಿ ಹಾಳಾಗಿ ಹೋಗ್ಲಿ! ಬಿಳಿಚಿ ಹಣೆಬಾರ ನೋಡಿದ್ರೆಲ್ಲ. ಒಂಬತ್ತ ದಿನ ನೀವು ಹಿತ್ತಲಾಗ ಕಾಲಿಟ್ರೇನು? ಸಂಡಾಸಕ್ಕೂ ಮುಂಚಿ ಬಾಗಲಿಂದ ಸುತ್ತು ಹಾಕಿ ಹೋಗ್ತಿದ್ರಿ. ಯಾಕ? ನೋಡಾಕ ಆಗವಲ್ದು ಅಂತ. ನಿಮಗ ನೋಡಾಕ ಆಗಲಾರದ್ದನ್ನ ಅದು ಅನುಭವಸ್ತಿತ್ತು. ಕಣ್ಣಾಗಿನ ಇರುವಿ ತಗದಾಕಿ ನಾನು. ಮತ್ತೊಮ್ಮಿ ತಗಿಯಾಂಗಿಲ್ಲ.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಇಷ್ಟುದ್ದ ಮಾತು ಒಂದೇ ಉಸಿರಿನಲ್ಲಿ ಆಡಿರಲಿಲ್ಲ. ಚನ್ನಬಸಪ್ಪ ಪೇಪರ್ ಮತ್ತೆ ಎತ್ತಿದ. ಎತ್ತಿದವನು ಒಂದು ಸಾಲನ್ನೂ ಓದಲಿಲ್ಲ. ಪೇಪರಿನ ಹಿಂದಿನಿಂದಲೇ, “ಕೋಳಿ ನಿಂದಲ್ಲ. ಒಡತಿನ ಕೇಳು ಮೊದ್ಲ” ಎಂದ.

ಅದು ನಿಜ. ಪಾಲಿನ ಕೋಳಿ. ಹುಸೇನಮ್ಮನ ಮಾತು ಬೇಕು. ಇದರಲ್ಲೇನು ಕಷ್ಟ ಎಂದುಕೊಂಡಳು ಗುಣವತಿ. ಹುಸೇನಮ್ಮನೇನು ಕೋಳಿ ಕೊಯ್ಯಲು ಅಂಜುವವಳೇ? ಆದಿತ್ಯವಾರ ಬಂದರೆ ಗಲ್ಲಿಯ ಅರ್ಧ ಮನೆಯ ಕೋಳಿಗಳು ಅವಳ ಕೈಯಲ್ಲೇ ಹೋಗುತ್ತಿದ್ದವು. ಅವಳ ಕೈ ಅಷ್ಟು ಚುರುಕು. ಹೋದ ತಿಂಗಳು ಇದೇ ಹಿತ್ತಲಲ್ಲಿ ಕಾಲು ಮುರಿದ ಹುಂಜವೊಂದನ್ನು ನೋಡಿ, “ಕುಂಟು ಹುಂಜ ಯಾತಕ್ಕ ಬರತೈತಿ, ಕೊಡಿಲ್ಲಿ” ಎಂದು ಕೈಚಾಚಿದವಳನ್ನು ಗುಣವತಿಯೇ ತಡೆದಿದ್ದಳು. ಆ ಹುಂಜ ಒಂದೇ ಕಾಲಿನಲ್ಲಿ ಕುಪ್ಪಳಿಸಿ ಎಲ್ಲರಿಗಿಂತ ಮೊದಲು ನುಚ್ಚಿಗೆ ಬಾಯಿ ಹಾಕುತ್ತಿತ್ತು, ಗೂಡಿನಲ್ಲಿ ಕಣ್ತುಂಬ ನಿದ್ದೆ ಹೊಡೆಯುತ್ತಿತ್ತು. ಅದರ ಲೆಕ್ಕದಲ್ಲಿ ಎಲ್ಲವೂ ಕುಂಕುಮವೇ. ಬದುಕಲಿ ಎಂದು ಬಿಟ್ಟಳು, ಬದುಕಿದೆ.

ಹೀಗೆಂದುಕೊಂಡು ಎದುರು ಮನೆಗೆ ಹೋದರೆ ಹುಸೇನಮ್ಮ ಹೌಹಾರಿ ಎದ್ದು ನಿಂತಳು.

“ಏ ಯವ್ವಾ! ಬ್ಯಾಡ ಬ್ಯಾಡ! ಕೆಂಚೀನ ಮುಟ್ಟಬ್ಯಾಡ ನೀನು! ಅದು ಅಮ್ಮನ ಕೋಳಿ!”

ಆಗ ನೆನಪಾಯಿತು ಗುಣವತಿಗೆ. ಚಳಿಗಾಲದಲ್ಲಿ ಹುಸೇನಮ್ಮನಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದ್ದರು. ಆಪರೇಷನ್ ಮೇಜಿನ ಮೇಲೆ ಅಂಗಾತ ಮಲಗಿದವಳು ಗಾಬರಿಯಲ್ಲಿ ಗಲ್ಲಿಯ ಕೊನೆಯ ಗುಡಿಯ ಮೈಸಮ್ಮನಿಗೆ ಹರಕೆ ಹೊತ್ತಿದ್ದಳು. ಕಣ್ಣು ಬಂದರೆ ಆಷಾಢದಲ್ಲಿ ದೇವಿಗೆ ಬೋನದ ಗಡಿಗೆ ಹೊರುವ ಬೋನಾಲು ಹಬ್ಬಕ್ಕೆ ಕೋಳಿ ಕೊಡುತ್ತೇನೆ ಎಂದು. ಬರೀ ಕೋಳಿ ಎಂದಿದ್ದರೆ ಆಗುತ್ತಿತ್ತು. ಆ ಹೊತ್ತಿಗೆ ಕಣ್ಣ ಮುಂದೆ ಕೆಂಚಿಯೇ ಬಂದಳಂತೆ, ಹೆಸರು ಹಿಡಿದು ಹೇಳಿಬಿಟ್ಟಿದ್ದಳು. ಕಣ್ಣು ಬಂದಿತ್ತು. ಗುಣವತಿ ಆಗ ಒಳಗೇ ಕುದಿದಿದ್ದರೂ, ಅವಳ ಕೋಳಿ ಅವಳ ಹರಕೆ ಎಂದು ಬಾಯಿ ಮುಚ್ಚಿಕೊಂಡಿದ್ದಳು.

“ಬೋನಾಲಿಗೆ ಇನ್ನೂ ಇಪ್ಪತ್ತೆರಡ ದಿನ ಐತಿ,” ಎಂದಳು ಹುಸೇನಮ್ಮ, “ಅಲ್ಲೀತನ ಹೆಂಗರ ಮಾಡಿ ಜೀವ ಹಿಡಿ ಗುಣವ್ವಾ. ನಿನ್ನ ಕಾಲ ಬೀಳ್ತೀನಿ. ನಡುವ ಬ್ಯಾರೆ ರೀತಿ ಹೋತಂದ್ರ ಅಮ್ಮ ಕೊಟ್ಟ ಕಣ್ಣ ತಿರುಗಿ ಇಸಗೊಂತಾಳ.”

ನೋಡಿ ವಿಚಿತ್ರ. ದಿನಾ ಕೋಳಿ ಕೊಯ್ಯುವವಳು ಕೊಲ್ಲಬೇಡ ಎನ್ನುತ್ತಾಳೆ. ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳು ಸಾಯಿಸೋಣ ಎಂದು ಬೇಡುತ್ತಾಳೆ. ಗಲ್ಲಿಯಲ್ಲಿ ಸುದ್ದಿ ಹಬ್ಬಿ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕರು. ನೀರಿನ ಟ್ಯಾಂಕಿನ ಹತ್ತಿರದ, ನಮ್ಮ ಕಡೆಯವಳೇ ಆದ ಜಯಮ್ಮನಂತೂ, “ಚೀಲದಾಗ ಹಾಕಿ ರೈಲು ಪಟ್ಟಿ ಆಕಡೆ ಬಿಟ್ಟ ಬರ್ರಿ, ಎಲ್ಲಾರೂ ಹಂಗ ಮಾಡ್ತಾರ. ಕೊಂದಂಗೂ ಆಗಲಿಲ್ಲ, ಇಟಗೊಂಡಂಗೂ ಆಗಲಿಲ್ಲ” ಎಂದು ಉಪಾಯ ಹೇಳಿದಳು. “ನಿನ್ನನ್ನ ಹಂಗ ಬಿಟ್ಟ ಬಂದ್ರ ನಡೀತೈತೇನ?” ಎಂದು ಗುಣವತಿ ಎಗರಿದ್ದಕ್ಕೆ ಜಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಪ್ಪತ್ತೆರಡು ದಿನ! ಬಿಳಿಚಿಯ ಒಂಬತ್ತೇ ಸಾಕಾಗಿತ್ತು. ಗುಣವತಿ ಅವತ್ತು ಊಟ ಬಿಟ್ಟಳು. ಹುಸೇನಮ್ಮನ ಅಂಜಿಕೆ ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಎರಡು ವರ್ಷ ಗೋಡೆ ತಡವಿಕೊಂಡು ಓಡಾಡಿದವಳು ಅದು. ಆ ಕಣ್ಣಿನ ಮುಂದೆ ಒಂದು ಕೋಳಿಯ ನೋವು ದೊಡ್ಡದೇ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಹಾಗೆಂದು ಗೋಡೆಗೆ ಮುಖ ಮಾಡಿ ನಿಂತ ಆ ಜೀವಕ್ಕಾದರೂ ಏನು ಹೇಳುವುದು?

ಮಾರನೆಯ ದಿನ ಮಧ್ಯಾಹ್ನ ಅವಳು ಹುಸೇನಮ್ಮನ ಕೈ ಹಿಡಿದು ಎಳೆದುಕೊಂಡೇ ಬಂದಳು. “ಬಾರಕ್ಕಾ, ಏನೂ ಮಾಡಾಂಗಿಲ್ಲ ನಾನು. ಸುಮ್ನ ಕುಂಡ್ರು.” ಹಿತ್ತಲಲ್ಲಿ ಮಣೆ ಹಾಕಿ ಕೂರಿಸಿದಳು, ಕೆಂಚಿಯ ಎದುರಿಗೇ. ತಾನೂ ಪಕ್ಕದಲ್ಲಿ ನೆಲಕ್ಕೆ ಕೂತಳು.

ಕೆಂಚಿ ನಿಂತಿದ್ದಳು. ಕೊಕ್ಕು ತೆರೆದಿತ್ತು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕಣ್ಣು ಮುಚ್ಚಿತು, ಮುಂದಕ್ಕೆ ವಾಲಿದಳು, ಎದೆ ನೆಲಕ್ಕೆ ತಾಗಿತು, ಒಡನೆ ಉಸಿರು ಕಟ್ಟಿ ರೆಕ್ಕೆ ಬಡಿದು ಮತ್ತೆ ಎದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ. ಹುಸೇನಮ್ಮ ಮೊದಲು ಆಚೀಚೆ ನೋಡಿದಳು, ಎಲೆಯಡಿಕೆ ಚೀಲ ಬಿಚ್ಚಿದಳು, ಕಟ್ಟಿದಳು. ನಾಲ್ಕನೆಯ ಸಲ ಕೆಂಚಿ ಮುಗ್ಗರಿಸಿದಾಗ ಮುಖವನ್ನೇ ತಿರುಗಿಸಿಕೊಂಡಳು.

“ಯಾಕಕ್ಕಾ, ಆಕಡಿ ಯಾಕ ತಿರಿಗಿದಿ?” ಗುಣವತಿಯ ದನಿ ಏರಲಿಲ್ಲ. “ಅಮ್ಮ ನಿನಗ ಕಣ್ಣ ಕೊಟ್ಟದ್ದು ಇದನ್ನ ನೋಡಬ್ಯಾಡ ಅಂತೇನು?”

ಹುಸೇನಮ್ಮ ಈ ಕಡೆ ತಿರುಗಿದಳು. ಹೊಸ ಕಣ್ಣಿನಲ್ಲಿ ನೀರು ಬಂತು.

“ಹರಕಿ ನನ್ನ ತಲಿಮ್ಯಾಲ ಹಾಕು,” ಗುಣವತಿ ಅವಳ ಕೈಮೇಲೆ ಕೈಯಿಟ್ಟಳು, “ಆಷಾಢಕ್ಕ ಬೋನ ನಾ ಹೊರ್ತೀನಿ. ಬರಿಗಾಲಿಲೆ ಬರ್ತೀನಿ. ಸಿಟ್ಟು ಬಂದ್ರ ಅಮ್ಮ ನನ್ನ ಕಣ್ಣ ತಗೊಳ್ಳಿ. ನನ್ನವೂ ಅದಾವಲ್ಲ ಎರಡು.”

“ಲಿಂಗಾಯತ್ರಾಕಿ, ಬೋನ ಹೊರ್ತಿಯಾ?”

“ಅನ್ನ ಮೊಸರು ಬೆಲ್ಲ ಇರೂ ಗಡಿಗಿ ಅದು. ಅದರಾಗ ಯಾರ ಜಾತಿ ಕೆಡತೈತಿ?”

ಹುಸೇನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೆಂಚಿಯ ಹೊಟ್ಟೆಯ ಕೆಳಗೆ ಕೈಯಿಟ್ಟು ಮೆಲ್ಲಗೆ ಎತ್ತಿ ಹಿಡಿದಳು. ಭಾರ ಕೈಮೇಲೆ ಬಂದದ್ದಕ್ಕೆ ಕೆಂಚಿಗೆ ಒಂದಿಷ್ಟು ಉಸಿರು ಸಲೀಸಾಯಿತು, ಕಣ್ಣು ಮುಚ್ಚಿದಳು. ಅವಳ ನಿದ್ದೆ ಕೆಡದಂತೆ ಹುಸೇನಮ್ಮ ಬಹಳ ಹೊತ್ತು ಹಾಗೇ ಹಿಡಿದು ಕೂತಳು. ಆಮೇಲೆ, “ನಾಳಿ ಯಾಕ? ಈಗ ನಡಿ” ಎಂದಳು.

ಆಟೋ ಹತ್ತುವಾಗ ನೋಡಿದರೆ ಚನ್ನಬಸಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಿಗೆ ಬೀಗ ಜಡಿಯುತ್ತಿದ್ದಾನೆ! “ಎಲ್ಲಿಗ್ರಿ?” ಎಂದರೆ, “ಇಬ್ಬರೂ ಹೆಂಗಸರು, ಕಾಗದಪತ್ರ ಏನರ ಕೇಳಿದ್ರ ಯಾರು ಬರೀಬೇಕು?” ಎಂದು ಡ್ರೈವರ್ ಪಕ್ಕಕ್ಕೆ ತುರುಕಿಕೊಂಡು ಕೂತ. ಯಾವ ಕಾಗದವೂ ಇರಲಿಲ್ಲವೆಂದು ಅವನಿಗೂ ಗೊತ್ತಿತ್ತು.

ಡಾಕ್ಟರ್ ರವಿಶಂಕರ್ ಕೆಂಚಿಯನ್ನು ನೋಡಿದರು, ಗುಣವತಿ ಹರಿದು ತಂದಿದ್ದ ಕ್ಯಾಲೆಂಡರಿನ ಹಾಳೆಯನ್ನೂ ನೋಡಿದರು. “ಸರಿಯಾದ ಹೊತ್ತಿಗೆ ಬಂದಿರಿ” ಎಂದರು. “ಮೊದಲು ನಿದ್ದೆಯ ಸೂಜಿ, ಅದರ ಮೇಲೆ ಇನ್ನೊಂದು. ಬೇಕಾದರೆ ನೀವು ಹೊರಗೆ ಕೂರಬಹುದು ಅಮ್ಮಾ.”

ಗುಣವತಿ ಹೊರಗೇ ಕೂರಬೇಕೆಂದು ಬಂದಿದ್ದಳು. ಮನೆಯಿಂದ ಇಲ್ಲಿಯ ತನಕ ಅದನ್ನೇ ಮನಸ್ಸಿನಲ್ಲಿ ಜಪಿಸಿಕೊಂಡಿದ್ದಳು. ಡಾಕ್ಟರ ಕೈಗೆ ಕೊಡುವುದು, ತಿರುಗಿ ನೋಡದೆ ಬರುವುದು. ಈಗ ಬುಟ್ಟಿಯ ಮುಚ್ಚಳ ತೆಗೆದಾಗ ಕೆಂಚಿ ಕತ್ತು ಚಾಚಿ ಅವಳ ಬಳೆಯನ್ನು ಕುಕ್ಕಿದಳು. ಸಣ್ಣಂದಿನಿಂದ ಇದ್ದ ಚಾಳಿ ಅದು.

“ನಾ ಇಲ್ಲೇ ಇರ್ತೀನಿ,” ಎಂದಳು ಗುಣವತಿ, “ನನ್ನ ಉಡಿಯಾಗ ಇರಲಿ.”

ಉಡಿಯಲ್ಲಿ ಇಟ್ಟುಕೊಂಡಳು. ಹುಸೇನಮ್ಮ ಹೊಟ್ಟೆಯ ಕೆಳಗೆ ಕೈಯಿಟ್ಟು ಭಾರ ಹಿಡಿದಳು. ಚನ್ನಬಸಪ್ಪ ಗೋಡೆಯ ಮೇಲಿನ ಹಸುವಿನ ಚಿತ್ರಪಟ ನೋಡುತ್ತ ನಿಂತಿದ್ದವನು, ಎರಡು ಹೆಜ್ಜೆ ಬಂದು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. ಡಾಕ್ಟರು ಮೊದಲ ಸೂಜಿ ಹಾಕಿದರು. ಕೆಂಚಿ ಒಂದು ಸಲ ತಲೆ ಕೊಡವಿದಳು. ಗುಣವತಿ ಜುಟ್ಟು ಸವರುತ್ತ, “ಮಕ್ಕೋ ನನ್ನವ್ವ, ಮಕ್ಕೋ” ಎಂದಳು. ಬಾಲದ ಏರಿಳಿತ ನಿಧಾನವಾಯಿತು. ಕೊಕ್ಕು ಮುಚ್ಚಿತು. ಎಷ್ಟು ದಿನದ ಮೇಲೆ ಮುಚ್ಚಿತ್ತೋ! ಕಾಲು ಸಡಿಲಾಗಿ ಮೈ ಉಡಿಯ ಮೇಲೆ ಪೂರ್ತಿ ಒರಗಿತು. ಕೆಂಚಿ ಕೂತು ನಿದ್ದೆ ಮಾಡಿದಳು. ಎರಡನೆಯ ಸೂಜಿ ಅವಳಿಗೆ ತಿಳಿಯಲೇ ಇಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಆಯಿತಮ್ಮಾ” ಎಂದರು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷವೂ ಆಗಿರಲಿಲ್ಲ.

ಗುಣವತಿ ಅಳುತ್ತಾಳೆಂದು ಎಲ್ಲರೂ ಕಾದರು. ಅತ್ತಳು, ಹೌದು. ಆದರೆ ಅಳುತ್ತಲೇ ಅವಳ ಎದೆಯೊಳಗೆ ಬೇರೆ ಏನೋ ಏಳುತ್ತಿತ್ತು. ಗೆದ್ದೆ ಎಂಬಂಥದ್ದು! ಒಂದು ಜೀವಕ್ಕೆ ಇನ್ನು ಕೊಡಬಹುದಾದದ್ದು ಒಂದೇ ಉಳಿದಿತ್ತು, ಅದನ್ನು ಕೊಟ್ಟೆ. ಅಂಜದೆ ಕೊಟ್ಟೆ, ಕೈಯಲ್ಲಿ ಹಿಡಿದುಕೊಂಡು ಕೊಟ್ಟೆ. ಹೊರಗೆ ಬಂದಾಗ ಆಟೋದವನು ಮೂವರ ಮುಖ ನೋಡಿ, “ಏಮಯಿಂದಮ್ಮಾ, ಬತಿಕಿಂದಾ?” ಎಂದು ಕೇಳಿದ. “ಬದುಕಲಿಲ್ಲಪ್ಪಾ,” ಎಂದಳು ತಲೆಯೆತ್ತಿ, “ನರಳಲೂ ಇಲ್ಲ. ಚಂದಾಗಿ ಕಳಿಸಿದ್ವಿ.” ಮದ್ದು ಸೇರಿದ ಕೋಳಿಯನ್ನು ನಾಯಿ ಬೆಕ್ಕು ತಿಂದರೂ ಅಪಾಯವೆಂದು ಡಾಕ್ಟರು ಹೇಳಿದ್ದರಿಂದ, ಹಿತ್ತಲ ಮೂಲೆಯಲ್ಲಿ ಸೊಂಟದುದ್ದ ಕುಣಿ ತೋಡಿ ಸುಣ್ಣ ಹಾಕಿ ಮುಚ್ಚಿದವನು ಚನ್ನಬಸಪ್ಪ. ಬೇರೆಯವರ ಕೈಗೆ ಹಾರೆ ಕೊಡಲಿಲ್ಲ.

ಬೋನಾಲು ಬಂತು. ಗುಣವತಿ ಹೊಸ ಗಡಿಗೆಗೆ ಅರಿಶಿನ ಬಳಿದು, ಬೇವಿನ ಸೊಪ್ಪು ಕಟ್ಟಿ, ಒಳಗೆ ಅನ್ನ ಮೊಸರು ಬೆಲ್ಲ ತುಂಬಿ, ಮೇಲೆ ದೀಪವಿಟ್ಟು ತಲೆಗೇರಿಸಿದಳು. ಕುಷ್ಟಗಿಯಿಂದ ಫೋನ್ ಮಾಡಿ ಬೈದ ಅವಳ ಅಣ್ಣನಿಗೆ ಚನ್ನಬಸಪ್ಪ, “ನನ್ನ ಹೆಂಡತಿ ಏನ ಹೊರಬೇಕು ಏನ ಬಿಡಬೇಕು ಅಂತ ಅಕಿಗೆ ಗೊತ್ತೈತಿ” ಎಂದು ಫೋನ್ ಇಟ್ಟುಬಿಟ್ಟಿದ್ದ. ಈಗ ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಡೆದ. ಗಲ್ಲಿಯಲ್ಲಿ ಈಗ ಯಾರೂ ನಗಲಿಲ್ಲ. ಬಾಗಿಲು ಹಾಕಿಕೊಂಡಿದ್ದ ಜಯಮ್ಮನೇ ಬಿಂದಿಗೆ ತಂದು ಗುಣವತಿಯ ಕಾಲಿಗೆ ನೀರು ಹಾಕಿದಳು. ಹಾಕುತ್ತ ದನಿ ಇಳಿಸಿ, “ನಮ್ಮ ಮನ್ಯಾಗೂ ಒಂದೈತಿ ಅಕ್ಕಾ, ನಾಕ ದಿನ ಆತು ಮೇವ ಮುಟ್ಟವಲ್ದು. ನಾಳಿ ಬಂದ ನೋಡ್ತಿಯಾ?” ಎಂದಳು. “ಬರ್ತೀನಿ” ಎಂದಳು ಗುಣವತಿ, ಗಡಿಗೆ ಅಲುಗದಂತೆ.

ಮೈಸಮ್ಮನ ಗುಡಿಯ ಮುಂದೆ ಡೋಲು, ಹೊಗೆ, ನೂಕುನುಗ್ಗಲು. ಹುಸೇನಮ್ಮ ಮುಂದೆ ಹೋಗಿ ದೇವಿಯ ಎದುರಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಮೂರು ವಾರದಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ದಿನಾ ಎದ್ದ ಕೂಡಲೇ ಒಂದೊಂದು ಕಣ್ಣು ಮುಚ್ಚಿ ಎದುರಿನ ಗೋಡೆ ಕಾಣುತ್ತದಾ ಎಂದು ನೋಡಿಕೊಳ್ಳುತ್ತಿದ್ದಳು.

“ಅವ್ವಾ,” ಎಂದು ಕೂಗಿದಳು, ಡೋಲಿಗಿಂತ ಜೋರಾಗಿ, “ಕೋಳಿ ತರಲಿಲ್ಲ ನಾನು. ನರಳಾಕತ್ತಿತ್ತು. ನನ್ನ ಕೈಯಾಗ ಹಿಡಕೊಂಡು ನಾನ ಕಳಿಸಿದೆ. ಗುಣವ್ವಂದೇನೂ ತಪ್ಪಿಲ್ಲ, ಮಾತು ನಂದು. ಕಣ್ಣ ಬೇಕಂದ್ರ ನನ್ನವ ತಗೋ, ಇಲ್ಲೇ ನಿಂತೀನಿ!”

ಅಷ್ಟು ಹೇಳಿ ದೇವಿಯ ಮುಖವನ್ನೇ ನೋಡುತ್ತ ನಿಂತಳು, ರೆಪ್ಪೆ ಬಡಿಯದೆ. ಹಿಂದೆ ನಿಂತ ಗುಣವತಿ ಗಡಿಗೆಯನ್ನು ಎರಡೂ ಕೈಯಿಂದ ಅಮುಕಿ ಹಿಡಿದಳು. ಹರಕೆಯನ್ನು ತಾನು ಹೊತ್ತರೆ ಇವಳು ಮತ್ತೆ ತನ್ನ ತಲೆಗೇ ಎಳೆದುಕೊಂಡಳಲ್ಲ! ಗಡಿಗೆ ಹೊತ್ತ ಕತ್ತು ಬಗ್ಗಿಸುವಂತಿಲ್ಲ, ಮುಂದಿನವರ ತಲೆಗಳ ನಡುವೆ ಏನೂ ಕಾಣುವಂತಿಲ್ಲ.

“ಅಕ್ಕಾ,” ಎಂದು ಕೂಗಿದಳು, “ಏನಂದ್ಲಕ್ಕಾ? ಸಿಟ್ಟ ಅದಾಳೇನು?”

ಹುಸೇನಮ್ಮ ತಿರುಗಿದಳು. ಹಣೆ ತುಂಬ ಭಂಡಾರ, ಕೆನ್ನೆ ತುಂಬ ನೀರು, ಎರಡು ಕಣ್ಣೂ ಫಳಫಳ.

“ಎಲ್ಲೀ ಸಿಟ್ಟು! ಎಲ್ಲಾ ಕಾಣಾಕತ್ತೈತಿ ನನಗ. ನಿನ್ನ ದೀಪ ಆರಾಕ ಬಂದೈತಿ, ಲಗೂನ ಮುಂದ ಬಾ.”